ಗ್ಯಾಸ್ಟ್ರಿಕ್ ಅಂತೀರಲ್ಲ, ಜಠರದ ಏನು?

ಜಾತಿ, ಮತ, ಪಕ್ಷ, ಪಂಗಡ ಯಾವ ಭೇದವೂ ಇಲ್ಲದೆ ಕನ್ನಡಿಗರೆಲ್ಲರಿಗೂ ಇರುವ ಕಾಯಿಲೆ ಅಂದರೆ ಒಂದೇ. ಅದರ ಹೆಸರು 'ಗ್ಯಾಸ್ಟ್ರಿಕ್'. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೆ ಗ್ಯಾಸ್ಟ್ರಿಕ್, ತಲೆ ಸಿಡಿದರೂ ಗ್ಯಾಸ್ಟ್ರಿಕ್ಕೇ. ಮದುವೆ ಮನೆಯಲ್ಲಿ "ಬೇಡಪ್ಪಾ, ಗ್ಯಾಸ್ಟ್ರಿಕ್ಕು" ಅಂದರೆ ಸಾಕು, ಹೋಳಿಗೆ ಬಡಿಸುವವರು ಒತ್ತಾಯ ಮಾಡದೆ ಮುಂದಿನ ಎಲೆಗೆ ಹೋಗುತ್ತಾರೆ. ಆಫೀಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತರೆ ಪಕ್ಕದ ಸೀಟಿನವರು ಬ್ಯಾಗಿನಿಂದ ಒಂದು ಮಾತ್ರೆ ತೆಗೆದು "ಇದು ತಗೊಳ್ಳಿ, ನಾನೂ ದಿನಾ ತಗೋತೀನಿ" ಅಂತ ಪ್ರಸಾದದ ಹಾಗೆ ಕೊಡುತ್ತಾರೆ.

ಈಗ ಸ್ವಲ್ಪ ವ್ಯಾಕರಣ ನೋಡೋಣ. 'ಗ್ಯಾಸ್ಟ್ರಿಕ್' ಅನ್ನೋದು ಇಂಗ್ಲಿಷಿನಲ್ಲಿ ಒಂದು ವಿಶೇಷಣ. 'ಜಠರದ', 'ಜಠರಕ್ಕೆ ಸಂಬಂಧಪಟ್ಟ' ಅಂತ ಅದರ ಅರ್ಥ. ಹಾಗಾಗಿ "ನನಗೆ ಗ್ಯಾಸ್ಟ್ರಿಕ್" ಅಂದರೆ "ನನಗೆ ಜಠರದ" ಅಂದ ಹಾಗಾಯಿತು. ಜಠರದ ಏನು ಸ್ವಾಮೀ? ಹುಣ್ಣೇ? ಉರಿಯೂತವೇ? ವೈದ್ಯರ ಪುಸ್ತಕದಲ್ಲಿ ಗ್ಯಾಸ್ಟ್ರಿಕ್ ಅಲ್ಸರ್ ಇದೆ, ಗ್ಯಾಸ್ಟ್ರಿಕ್ ಕ್ಯಾನ್ಸರ್ ಕೂಡ ಇದೆ. ಬರೀ ಗ್ಯಾಸ್ಟ್ರಿಕ್ ಅನ್ನೋ ಕಾಯಿಲೆ ಮಾತ್ರ ಎಲ್ಲೂ ಇಲ್ಲ. ನಾವು ನಾಮಪದವನ್ನು ಕಳಚಿ ಎಸೆದು ವಿಶೇಷಣವನ್ನಷ್ಟೇ ಇಟ್ಟುಕೊಂಡಿದ್ದೇವೆ. ಆ ನಾಮಪದ ಯಾವುದಿತ್ತು ಅಂತ ಹುಡುಕುವ ಕೆಲಸ ಎಷ್ಟೋ ಮನೆಗಳಲ್ಲಿ ತೀರಾ ತಡವಾಗಿ ಶುರುವಾಗುತ್ತದೆ.

ಹೇಳಬೇಕಾದ್ದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಜಠರದ ಕ್ಯಾನ್ಸರಿನ ಎಚ್ಚರಿಕೆಯ ಲಕ್ಷಣಗಳು ನಮ್ಮ ಮನೆಗಳಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಬಿದ್ದ ಕೂಡಲೇ ನಾವು ಅವಕ್ಕೆಲ್ಲ ಒಂದೇ ಹೆಸರಿಟ್ಟು, ಒಂದೇ ಮಾತ್ರೆ ನುಂಗಿಸಿ, ಸುಮ್ಮನಾಗುತ್ತೇವೆ. ಈ ಒಂದು ಪದ ನಮ್ಮ ಜನರನ್ನು ಕೊಲ್ಲುತ್ತಿದೆ.

ಉತ್ಪ್ರೇಕ್ಷೆ ಅನಿಸಿತೇ? 2020ರ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 60 ಸಾವಿರ ಜನರಿಗೆ ಹೊಸದಾಗಿ ಜಠರದ ಕ್ಯಾನ್ಸರ್ ಬಂತು. ಅದೇ ವರ್ಷ ಅದರಿಂದ ಸತ್ತವರು 50 ಸಾವಿರಕ್ಕೂ ಹೆಚ್ಚು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಮಗಿಂತ ಎಷ್ಟೋ ಪಾಲು ಹೆಚ್ಚಾಗಿ ಈ ಕಾಯಿಲೆ ಇರುವ ದಕ್ಷಿಣ ಕೊರಿಯಾದಲ್ಲಿ ವರ್ಷಕ್ಕೆ ಸಾಯುವವರ ಸಂಖ್ಯೆ ಹೊಸ ರೋಗಿಗಳ ಸಂಖ್ಯೆಯ ಮೂರನೇ ಒಂದು ಭಾಗದೊಳಗೇ ಇದೆ. ಕಾಯಿಲೆ ಅದೇ, ಜಠರವೂ ಅದೇ. ಅವರು ಬೇಗ ನೋಡುತ್ತಾರೆ, ನಾವು ತಡವಾಗಿ ನೋಡುತ್ತೇವೆ.

ಇದು ದೂರದವರ ಕಾಯಿಲೆ ಅಂತಲೂ ಅಂದುಕೊಳ್ಳಬೇಡಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಿದ್ದಾರೆ. ಬೆಂಗಳೂರಿನ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರುಗಳ ಪಟ್ಟಿಯಲ್ಲಿ ಜಠರದ್ದು ಮೊದಲಿಂದಲೂ ಮೇಲಿನ ಸಾಲಿನಲ್ಲೇ ಇದೆ. ಚೆನ್ನೈನಲ್ಲೂ ಹಾಗೇ. ದೆಹಲಿ, ಮುಂಬೈಗಿಂತ ದಕ್ಷಿಣದ ನಮಗೆ ಇದರ ಕಾಟ ಹೆಚ್ಚು.

*

ಮೊದಲು ಆ ಪದದ ವಿಚಾರ ಮುಗಿಸಿಬಿಡೋಣ. 'ಸಾಫ್ಟ್‌ವೇರ್'ಗೆ ಕನ್ನಡದಲ್ಲಿ ಏನನ್ನಬೇಕು ಅಂತ ನೂರು ಕಾಮೆಂಟು ಹಾಕಿ ಜಗಳ ಆಡುವ ಜನ ನಾವು. ಹೊಟ್ಟೆಯ ಸಂಕಟಕ್ಕೆ ನಮ್ಮಲ್ಲಿದ್ದ ಪದಗಳನ್ನೆಲ್ಲ ಒಂದೊಂದಾಗಿ ಕಳಕೊಂಡಾಗ ಒಬ್ಬರಾದರೂ ಅಯ್ಯೋ ಅಂದೆವಾ? ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ವಾಕರಿಕೆ, ಹೊಟ್ಟೆ ತೊಳೆಸುವುದು, ಹೊಟ್ಟೆ ಭಾರ, ಬಾಯಿರುಚಿ ಕೆಡುವುದು, ಊಟ ಸೇರದಿರುವುದು... ಹಳ್ಳಿಯ ಅಜ್ಜಿಯೊಬ್ಬರು ಇಷ್ಟನ್ನೂ ಬೇರೆ ಬೇರೆಯಾಗಿ ಹೇಳಬಲ್ಲವರಾಗಿದ್ದರು. ಕೇಳುವ ವೈದ್ಯನಿಗೆ ಒಂದೊಂದು ಪದವೂ ಒಂದೊಂದು ದಾರಿ ತೋರಿಸುತ್ತದೆ. ಹುಳಿತೇಗು ಅಂದರೆ ಒಂದು ದಾರಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ ಅಂದರೆ ಅದು ಬೇರೆಯೇ ದಾರಿ. "ಗ್ಯಾಸ್ಟ್ರಿಕ್ ಡಾಕ್ಟ್ರೇ" ಅಂದುಬಿಟ್ಟರೆ ಎಲ್ಲ ದಾರಿಗಳೂ ಮುಚ್ಚಿದವು. ರೋಗಿಯೇ ರೋಗಪತ್ತೆ ಮಾಡಿಕೊಂಡು ಬಂದಾಯಿತಲ್ಲ, ವೈದ್ಯರಿಗೇನು ಕೆಲಸ? ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ. ಅವರೂ ಮಾತ್ರೆ ಬರೆದು ಕಳಿಸುತ್ತಾರೆ.

ಮಾತ್ರೆಯ ಮೇಲೆ ನನಗೇನೂ ಸಿಟ್ಟಿಲ್ಲ. 1988ರಲ್ಲಿ ಸ್ವೀಡನ್ನಿನಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್, ಆಮೇಲೆ ಅದರ ತಮ್ಮನ ಹಾಗೆ ಬಂದ ಪ್ಯಾಂಟೊಪ್ರಜೋಲ್ ಇವೆಲ್ಲ ಒಳ್ಳೆಯ ಔಷಧಿಗಳೇ. ಹೊಟ್ಟೆಹುಣ್ಣಿಗೆ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಿದ್ದ ಕಾಲವನ್ನು ಕೊನೆಗಾಣಿಸಿದವರಲ್ಲಿ ಇವಕ್ಕೂ ಪಾಲಿದೆ. ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಪುಟ್ಟ ಪಂಪುಗಳಿವೆ. ಈ ಮಾತ್ರೆ ಆ ಪಂಪುಗಳನ್ನು ನಿಲ್ಲಿಸುತ್ತದೆ. ಆಮ್ಲ ಕಡಿಮೆಯಾದರೆ ಉರಿ ತಗ್ಗುತ್ತದೆ, ಹುಣ್ಣು ಮಾಯುತ್ತದೆ. ತೊಂದರೆ ಏನೆಂದರೆ, ಕ್ಯಾನ್ಸರಿನ ಹುಣ್ಣಿನ ನೋವೂ ತಗ್ಗುತ್ತದೆ! ಅದರ ಮೇಲ್ಪದರವೂ ಕೆಲಕಾಲ ಮಾಯ್ದ ಹಾಗೆ ಕಾಣಬಹುದು. ಒಳಗೆ ಅದು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ನಾವು "ಮಾತ್ರೆ ತಗೊಂಡ್ರೆ ಕಮ್ಮಿ ಆಗತ್ತೆ, ಅಂದ್ರೆ ಗ್ಯಾಸ್ಟ್ರಿಕ್ಕೇ" ಅಂತ ತೀರ್ಪು ಕೊಟ್ಟುಕೊಳ್ಳುತ್ತೇವೆ. ಈ ತರ್ಕದಲ್ಲೇ ತೂತಿದೆ. ಮಾತ್ರೆಗೆ ಉರಿ ಕಡಿಮೆಯಾದರೆ ಆಮ್ಲ ಕಡಿಮೆಯಾಗಿದೆ ಅಂತಷ್ಟೇ ಗೊತ್ತಾಗುತ್ತದೆ. ಉರಿ ಯಾಕೆ ಬಂತು ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಅಂತ ಆ ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುತ್ತದೆ. ಎಂದಾದರೂ ಓದಿದ್ದೀರಾ? ಮೆಡಿಕಲ್ ಶಾಪಿನಲ್ಲಿ "ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ" ಅಂದರೆ ಚೀಟಿ ಕೇಳಿದವರನ್ನು ನಾನಂತೂ ಕಂಡಿಲ್ಲ. ಕತ್ತರಿಯಲ್ಲಿ ಎರಡು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಬರೆದಿರುವ ಅಕ್ಷರ ಅವರ ಬಳಿಯೇ ಉಳಿಯುತ್ತದೆ.

*

ನಮ್ಮ ಸಂಬಂಧಿಕರಲ್ಲೇ ಒಬ್ಬರು, ನನಗೆ ವರಸೆಯಲ್ಲಿ ಅತ್ತೆ. ಹಾಸನದ ಕಡೆಯ ಹಳ್ಳಿ. ಐವತ್ತು ದಾಟಿ ನಾಲ್ಕು ವರ್ಷವಾಗಿತ್ತು. ವರ್ಷಕ್ಕೂ ಮಿಕ್ಕಿ ಬೆಳಗ್ಗೆ ಎದ್ದ ಕೂಡಲೇ ಒಂದು ಮಾತ್ರೆ ನುಂಗುತ್ತಿದ್ದರು. ಒಂದು ಮುದ್ದೆ ಉಣ್ಣುತ್ತಿದ್ದವರು ಅರ್ಧಕ್ಕೆ ಇಳಿದರು, ಆಮೇಲೆ ಬರೀ ಮಜ್ಜಿಗೆ ಅನ್ನ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಹೆಂಗಸು ಎಷ್ಟು ಉಂಡರು ಅಂತ ನೋಡುವವರಾದರೂ ಯಾರು? ರವಿಕೆ ಸಡಿಲವಾಯಿತು. ಊರವರು "ಶುಗರ್ ಇರಬೇಕು" ಅಂದರು. ಶುಗರ್ ಇರಲಿಲ್ಲ. ರಕ್ತ ಕಡಿಮೆ ಇದೆ ಅಂತ ಹತ್ತಿರದ ಊರಿನ ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಯಾಕೆ ಕಡಿಮೆ ಅಂತ ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್ ಆಯಿತು, ನಾರ್ಮಲ್ ಅಂತ ಬಂತು. ಎಲ್ಲರಿಗೂ ನಿರಾಳ. ಕೊನೆಗೆ ಬೆಳಗ್ಗೆ ತಿಂದದ್ದು ಸಂಜೆ ಹಾಗೆಹಾಗೇ ವಾಂತಿಯಾಗತೊಡಗಿದಾಗ ಬೆಂಗಳೂರಿಗೆ ಕರೆತಂದರು. ಎಂಡೋಸ್ಕೋಪಿ ಮಾಡಿದ ದಿನವೇ ವಿಷಯ ತಿಳಿಯಿತು. ಜಠರದ ಕೆಳಬಾಗಿಲನ್ನೇ ಗೆಡ್ಡೆ ಮುಚ್ಚಿತ್ತು, ಯಕೃತ್ತಿಗೂ ಹರಡಿತ್ತು. ಐದು ತಿಂಗಳು ಇದ್ದರು. ತಿಥಿಯೆಲ್ಲ ಮುಗಿದ ಮೇಲೆ ಅಡುಗೆಮನೆ ಗೂಡಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ ಅವರ ಮಗನಿಗೆ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ತುಂಬಾ ಖಾಲಿ ಸ್ಟ್ರಿಪ್ಪುಗಳು.

ಅಷ್ಟೂ ದಿನ ಎಲ್ಲರೂ ಹೇಳಿದ್ದು ಒಂದೇ ಮಾತು, "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ."

*

ಎಚ್ಚರಿಕೆಯ ಲಕ್ಷಣಗಳ ಪಟ್ಟಿಯನ್ನು ಯಾರು ಬೇಕಾದರೂ ಕೊಡಬಹುದು, ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಆದರೆ ನಮ್ಮಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಒಂದೊಂದು ಸಿದ್ಧ ಸಮಾಧಾನ ಇದೆ. ಆ ಸಮಾಧಾನದ ಮಾತು ಕಿವಿಗೆ ಬಿದ್ದಾಗಲೇ ಎಚ್ಚರವಾಗಬೇಕು. ಹಾಗಾಗಿ ಅವನ್ನೇ ಬರೆಯುತ್ತೇನೆ.

"ವಯಸ್ಸಾಯ್ತಲ್ಲ, ಊಟ ಕಮ್ಮಿ ಆಗಿದೆ." ವಯಸ್ಸಾದಂತೆ ಊಟ ನಿಧಾನಕ್ಕೆ ಕಡಿಮೆಯಾಗುತ್ತದೆ, ನಿಜ. ಆದರೆ ಹಸಿದು ಕೂತವರು ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅಂತ ಏಳುವುದು, ಅದೂ ಕೆಲವೇ ವಾರಗಳಲ್ಲಿ ಶುರುವಾದದ್ದು, ವಯಸ್ಸಿನ ಲಕ್ಷಣವಲ್ಲ. ಜಠರ ಹಿಗ್ಗುವ ಚೀಲ. ಒಳಗೆ ಗೆಡ್ಡೆ ಜಾಗ ಹಿಡಿದಿದ್ದರೆ, ಅಥವಾ ಗೋಡೆಯೇ ಚರ್ಮದ ಚೀಲದ ಹಾಗೆ ಬಿಗಿದುಕೊಂಡಿದ್ದರೆ, ಹಿಗ್ಗುವುದಿಲ್ಲ.

"ಸಣ್ಣ ಆಗಿದೀರಿ, ವಾಕಿಂಗ್ ಮಾಡ್ತೀರಾ?" ನಮ್ಮಲ್ಲಿ ತೂಕ ಇಳಿದರೆ ಅಭಿನಂದನೆ ಸಿಗುತ್ತದೆ! ಪ್ರಯತ್ನಪಟ್ಟು ಇಳಿಸಿದ್ದರೆ ಸರಿ. ಏನೂ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 60 ಕೆ.ಜಿ. ಇದ್ದವರು 57ಕ್ಕೆ ಬಂದರೆ, ಅದಕ್ಕೆ ಕಾರಣ ಹುಡುಕಲೇಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಬೆಲ್ಟಿನ ತೂತು, ರವಿಕೆಯ ಹೊಲಿಗೆ, ಬೆರಳಿನ ಉಂಗುರ ಇವೇ ತಕ್ಕಡಿ.

"ರಕ್ತ ಕಮ್ಮಿ ಅಂತೆ, ಟಾನಿಕ್ ಬರೆದಿದಾರೆ." ಇದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ಮಾತು. ನಳದಲ್ಲಿ ನೀರು ಸೋರುತ್ತಿರುವಾಗ ಮೇಲಿಂದ ಟ್ಯಾಂಕಿಗೆ ನೀರು ತುಂಬಿಸಿದ ಹಾಗೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆಗೆ ಬೇರೆ ಕಾರಣಗಳು ಸಾಮಾನ್ಯ. ಆದರೆ ಗಂಡಸಿಗೆ, ಅಥವಾ ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದಂಶ ಕಡಿಮೆಯಾಗಿ ರಕ್ತ ಇಳಿದಿದ್ದರೆ, ಅದು ಎಲ್ಲಿಂದಲೋ ಸೋರುತ್ತಿದೆಯೇ ಅಂತ ನೋಡದೆ ಬಿಡಬಾರದು. ಜಠರ, ಕರುಳು ಎರಡನ್ನೂ ನೋಡಬೇಕು. ಮೆಟ್ಟಿಲು ಹತ್ತುವಾಗ ಏದುಸಿರು, ಬಿಳಿಚಿದ ಕಣ್ಣು, ಕಾರಣವಿಲ್ಲದ ಸುಸ್ತು ಇವೇ ಮೊದಲ ಸುಳಿವಾಗಿರಬಹುದು. ಹೊಟ್ಟೆನೋವು ಇಲ್ಲದೆಯೂ!

"ಕಪ್ಪಗೆ ಹೋಗ್ತಿದೆ, ಮಾತ್ರೆಯ ಬಣ್ಣ ಇರಬೇಕು." ಕಬ್ಬಿಣದ ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ ಅನ್ನೋದು ನಿಜವೇ. ಆದರೆ ಜಠರದಲ್ಲಿ ರಕ್ತ ಸೋರಿ ಜೀರ್ಣವಾಗಿ ಬಂದರೆ ಮಲ ಡಾಂಬರಿನ ಹಾಗೆ ಕಪ್ಪಾಗಿ, ಮಿರುಗುತ್ತಾ, ಅಂಟಂಟಾಗಿ, ತಡೆಯಲಾರದ ನಾತದೊಂದಿಗೆ ಇರುತ್ತದೆ. ನೀರು ಹಾಕಿದರೆ ಸಲೀಸಾಗಿ ಹೋಗುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ. ಅಪ್ಪ ಅಮ್ಮನ ಬಿ.ಪಿ. ಕೇಳುವ ಹಾಗೆ ಇದನ್ನೂ ಬಾಯಿಬಿಟ್ಟು ಕೇಳಿ. ಡಾಂಬರಿನಂಥ ಮಲ ಕಂಡರೆ ವಾರಗಟ್ಟಲೆ ಕಾಯುವ ಮಾತೇ ಇಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

"ಪಿತ್ತ ಕೆದರಿದೆ." ಒಮ್ಮೆ ಎರಡು ಸಲ ವಾಂತಿಯಾದರೆ ಪಿತ್ತವೇ ಇರಲಿ ಬಿಡಿ. ದಿನ ಬಿಟ್ಟು ದಿನ ವಾಂತಿಯಾದರೆ, ಗಂಟೆಗಳ ಹಿಂದೆ ತಿಂದ ಅನ್ನದ ಅಗುಳು ಹಾಗೇ ಬಂದರೆ, ಜಠರದ ಬಾಗಿಲು ಕಿರಿದಾಗುತ್ತಿದೆ ಅಂತ. ವಾಂತಿಯಲ್ಲಿ ರಕ್ತ ಕಂಡರೆ, ಅಥವಾ ಫಿಲ್ಟರಿನಲ್ಲಿ ಉಳಿಯುವ ಕಾಫಿಪುಡಿಯಂಥದ್ದು ಬಂದರೆ ಅದೂ ರಕ್ತವೇ. ಆಗಲೂ ಅವತ್ತೇ ಆಸ್ಪತ್ರೆ.

"ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ." ಜಠರದ ಮೇಲ್ಭಾಗದಲ್ಲಿ ಗೆಡ್ಡೆಯಾದರೆ ನುಂಗುವುದೇ ಕಷ್ಟವಾಗುತ್ತದೆ. ಮುದ್ದೆ ನುಂಗಿ ಬೆಳೆದವರು ಸಾರು ಜಾಸ್ತಿ ಹಾಕಿಕೊಳ್ಳಲು ಶುರು ಮಾಡುತ್ತಾರೆ, ಆಮೇಲೆ ಅನ್ನ, ಆಮೇಲೆ ಗಂಜಿ. ಮುದ್ದೆಯಿಂದ ಗಂಜಿಗೆ ಇಳಿಯುವ ಈ ಪ್ರಯಾಣವನ್ನು ಮನೆಯವರು 'ಹಲ್ಲಿಲ್ಲ' ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಮುದ್ದೆಗೆ ಹಲ್ಲು ಯಾಕೆ ಬೇಕು ಹೇಳಿ?

"ಖಾರ ತಿಂದಿದ್ದಕ್ಕೆ." ಇದಕ್ಕೊಂದು ಚರಿತ್ರೆಯೇ ಇದೆ. ಹೊಟ್ಟೆಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಅಂತ ವೈದ್ಯಲೋಕವೂ ಬಹುಕಾಲ ನಂಬಿತ್ತು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ ಇದರ ಹಿಂದಿದೆ ಅಂದಾಗ ಯಾರೂ ಸುಲಭಕ್ಕೆ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತರಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ಬ್ಯಾಕ್ಟೀರಿಯಾವನ್ನು, ಎಚ್. ಪೈಲೋರಿಯನ್ನು, 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಭಾರತದಲ್ಲಿ ಅರ್ಧಕ್ಕೂ ಹೆಚ್ಚು ದೊಡ್ಡವರ ಹೊಟ್ಟೆಯಲ್ಲಿ ಇದು ಇದೆ. ಗಾಬರಿ ಬೇಡ, ಇದ್ದವರಲ್ಲಿ ಬಹುಪಾಲು ಜನಕ್ಕೆ ಕ್ಯಾನ್ಸರ್ ಬರುವುದಿಲ್ಲ. ಆದರೆ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದ್ದರೆ ನಿಮ್ಮ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು. ಅಂಥವರು ವೈದ್ಯರನ್ನು ಕೇಳಿ ಈ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದ್ದರೆ ಎರಡು ವಾರದ ಔಷಧಿಯಲ್ಲಿ ತೊಲಗಿಸಲು ನೋಡಬಹುದು, ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ.

ಕೊನೆಯದಾಗಿ ಗಂಟುಗಳು. ಎಡಗಡೆ ಕತ್ತಿನ ಬುಡದಲ್ಲಿ, ಕಾಲರ್ ಎಲುಬಿನ ಮೇಲೆ ಗಟ್ಟಿಯಾದ ಗಂಟು. ಹೊಕ್ಕುಳಲ್ಲಿ ಗಂಟು. ಅಮೆರಿಕದ ಸಿಸ್ಟರ್ ಮೇರಿ ಜೋಸೆಫ್ ಎಂಬ ನರ್ಸ್, ಶಸ್ತ್ರಚಿಕಿತ್ಸೆಗೆ ರೋಗಿಗಳನ್ನು ಅಣಿಮಾಡುವಾಗ ಹೊಕ್ಕುಳಲ್ಲಿ ಗಂಟಿದ್ದವರ ಹೊಟ್ಟೆಯೊಳಗೆ ಕ್ಯಾನ್ಸರ್ ಹರಡಿರುತ್ತದೆ ಅಂತ ಗಮನಿಸಿ ತನ್ನ ವೈದ್ಯರಾದ ವಿಲಿಯಂ ಮೇಯೋಗೆ ಹೇಳಿದಳು. ಇವತ್ತಿಗೂ ಆ ಗಂಟಿಗೆ ಅವಳದೇ ಹೆಸರು. ಕಣ್ಣಿಟ್ಟು ನೋಡುವವರಿಗೆ ದೊಡ್ಡ ಯಂತ್ರ ಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಗಂಟು ಕಾಣುವ ಹೊತ್ತಿಗೆ ಕಾಯಿಲೆ ಬಹಳ ದೂರ ಹೋಗಿರುತ್ತದೆ.

*

ಇಲ್ಲೊಂದು ಕಹಿ ಸತ್ಯ ಇದೆ, ಮುಚ್ಚಿಟ್ಟರೆ ಮೋಸವಾಗುತ್ತದೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಬಹಳಷ್ಟು ತಡವಾಗಿ ಕಾಣಿಸಿಕೊಳ್ಳುವಂಥವು. ಆರಂಭದ ಹಂತದಲ್ಲಿ ಜಠರದ ಕ್ಯಾನ್ಸರ್ ಎಷ್ಟೋ ಜನರಲ್ಲಿ ಏನೂ ತೋರಿಸುವುದಿಲ್ಲ. ತೋರಿಸಿದರೂ ಮಾಮೂಲಿ ಅಜೀರ್ಣದ ಹಾಗೆಯೇ. ಅದಕ್ಕೇ ಜಪಾನಿನವರು ಲಕ್ಷಣಕ್ಕೆ ಕಾಯುವುದಿಲ್ಲ. 1960ರ ದಶಕದಿಂದಲೇ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯಲು ಶುರು ಮಾಡಿದರು, 1983ರಲ್ಲಿ ಅದನ್ನು ದೇಶವ್ಯಾಪಿ ಕಾರ್ಯಕ್ರಮ ಮಾಡಿದರು, ಈಗ 50 ದಾಟಿದವರಿಗೆ ಎಂಡೋಸ್ಕೋಪಿಯನ್ನೂ ಮಾಡುತ್ತಾರೆ. ಕೊರಿಯಾದಲ್ಲಿ 40 ದಾಟಿದ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಗೆಡ್ಡೆ ಜಠರದ ಒಳಪದರಗಳಲ್ಲಿ ಇರುವಾಗಲೇ ಸಿಕ್ಕರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ತೀರಾ ಆರಂಭದಲ್ಲಿದ್ದರೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯ ಮೂಲಕವೇ ಕೆತ್ತಿ ತೆಗೆಯುವುದೂ ಉಂಟು. ದೂರದ ಅಂಗಗಳಿಗೆ ಹರಡಿದ ಮೇಲೆ ಐದು ವರ್ಷ ದಾಟುವವರು ನೂರಕ್ಕೆ ಹತ್ತು ಮಂದಿಯೂ ಸಿಗುವುದಿಲ್ಲ.

ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರುಗಳು. ಇಡೀ ದೇಶದ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ, ಆ ಮೂರರ ಹಾವಳಿ ಇನ್ನೂ ಹೆಚ್ಚು. ಮಿಜೋರಾಂ ಮಾತು ಬೇರೆ. ದೇಶದಲ್ಲೇ ಅತಿ ಹೆಚ್ಚು ಜಠರದ ಕ್ಯಾನ್ಸರ್ ಐಜ್ವಾಲ್ ಜಿಲ್ಲೆಯಲ್ಲಿದೆ. ತಂಬಾಕಿನ ಹೊಗೆಯನ್ನು ನೀರಿನಲ್ಲಿ ಇಳಿಸಿ ಬಾಯಲ್ಲಿಟ್ಟುಕೊಳ್ಳುವ 'ತುಯ್‌ಬುರ್', ಹೊಗೆಯಾಡಿಸಿದ ಮಾಂಸ, ಹುದುಗಿಸಿದ ಹಂದಿಕೊಬ್ಬು ಇವುಗಳ ಕಡೆಗೆ ಸಂಶೋಧಕರು ಬೆರಳು ತೋರಿಸಿದ್ದಾರೆ. ಇತ್ತ ನಮ್ಮಲ್ಲೂ ಬೀಡಿ ಸಿಗರೇಟು, ವಿಪರೀತ ಉಪ್ಪು ಹಾಕಿದ ಪದಾರ್ಥಗಳು ನಿರಪರಾಧಿಗಳೇನಲ್ಲ. ಒಟ್ಟಿನಲ್ಲಿ ಕರ್ನಾಟಕದಲ್ಲಿ ನಮ್ಮ ಜಠರವನ್ನು ನೋಡಲು ಯಾವ ಸರ್ಕಾರಿ ವ್ಯಾನೂ ಮನೆ ಬಾಗಿಲಿಗೆ ಬರುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಒಂದೇ, ಮೊದಲ ಲಕ್ಷಣ ಕಂಡ ದಿನಕ್ಕೂ ಎಂಡೋಸ್ಕೋಪಿ ಆಗುವ ದಿನಕ್ಕೂ ನಡುವಿನ ಅಂತರ. ಆ ಅಂತರವನ್ನೇ ನಾವು 'ಗ್ಯಾಸ್ಟ್ರಿಕ್' ಅನ್ನೋ ಪದದಿಂದ ತಿಂಗಳುಗಟ್ಟಲೆ ಎಳೆಯುತ್ತಿದ್ದೇವೆ.

*

ಈಗ ನೀವು ಹೇಳಬಹುದಾದ ಮಾತುಗಳಿಗೆ ಬರುತ್ತೇನೆ.

"ಸುಮ್ಮನೆ ಹೆದರಿಸ್ತೀರಿ. ಎದೆ ಉರಿದವರೆಲ್ಲ ಟ್ಯೂಬ್ ನುಂಗಬೇಕಾ?" ಖಂಡಿತಾ ಬೇಡ. ಅಜೀರ್ಣ, ಎದೆಯುರಿ ಇರುವವರಲ್ಲಿ ಬಹುಪಾಲು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಇಪ್ಪತ್ತೈದರ ಹುಡುಗ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಎದೆಯುರಿ ಅಂದರೆ ಅವನಿಗೆ ಬೇಕಾದ್ದು ಬುದ್ಧಿವಾದ. ನಾನು ಹೇಳುತ್ತಿರುವುದು ಎರಡೇ ಗುಂಪಿನ ಬಗ್ಗೆ. ಒಂದು, ಮೇಲಿನ ಲಕ್ಷಣಗಳಲ್ಲಿ ಯಾವುದಾದರೂ ಇರುವವರು, ವಯಸ್ಸು ಎಷ್ಟೇ ಆಗಿರಲಿ. ಎರಡು, ಇಷ್ಟು ವರ್ಷ ಕಲ್ಲು ತಿಂದು ಕರಗಿಸಿಕೊಂಡು ಇದ್ದು ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಹೊಟ್ಟೆಯ ತೊಂದರೆ ಶುರುವಾಗಿ, ಎರಡು ಮೂರು ವಾರವಾದರೂ ಬಿಡದವರು. ಈ ವಯಸ್ಸಿನ ಗೆರೆಯನ್ನು ಇಂಗ್ಲೆಂಡ್, ಅಮೆರಿಕಗಳಲ್ಲಿ 55, 60ಕ್ಕೆ ಎಳೆದಿದ್ದಾರೆ. ನಮ್ಮಲ್ಲಿ ಎಷ್ಟೋ ವೈದ್ಯರು 40-45 ದಾಟಿದರೆ ಸಾಕು ಅನ್ನುತ್ತಾರೆ.

"ಸ್ಕ್ಯಾನಿಂಗ್ ಮಾಡಿಸಿದ್ವಲ್ಲ, ನಾರ್ಮಲ್ ಬಂತು." ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಹೊಟ್ಟೆಯ ಅಲ್ಟ್ರಾಸೌಂಡ್ ಯಕೃತ್ತು, ಪಿತ್ತಕೋಶದ ಕಲ್ಲು, ಮೂತ್ರಪಿಂಡಗಳನ್ನು ನೋಡಲು ಒಳ್ಳೆಯದು. ಜಠರ ಗಾಳಿ ತುಂಬಿದ ಚೀಲ, ಅದರ ಒಳಗೋಡೆ ಅಲ್ಟ್ರಾಸೌಂಡಿನಲ್ಲಿ ಸರಿಯಾಗಿ ಕಾಣುವುದಿಲ್ಲ. 'ನಾರ್ಮಲ್' ಅಂತ ಬಂದ ಕಾಗದ ಜಠರಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ರಕ್ತಪರೀಕ್ಷೆಯಿಂದಲೂ ಇದು ಬೇಗ ಪತ್ತೆಯಾಗುವುದಿಲ್ಲ. ಜಠರದೊಳಗೆ ಕಣ್ಣು ಹಾಯಿಸಲು ಎಂಡೋಸ್ಕೋಪಿಯೇ ಬೇಕು. ಆರೆಂಟು ಗಂಟೆ ಖಾಲಿಹೊಟ್ಟೆ, ಗಂಟಲು ಮರಗಟ್ಟಲು ಒಂದು ಸ್ಪ್ರೇ, ಹತ್ತು ಹದಿನೈದು ನಿಮಿಷದ ಕಸಿವಿಸಿ. ಅನುಮಾನವಿದ್ದ ಕಡೆ ಚಿಟಿಕೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಜಠರದಲ್ಲಿ ಹುಣ್ಣು ಕಂಡರೆ "ಬಯಾಪ್ಸಿ ತೆಗೆದ್ರಾ? ಮಾಯ್ದಿದೆಯಾ ಅಂತ ಮತ್ತೆ ಯಾವಾಗ ನೋಡ್ತೀರಾ?" ಅಂತ ಕೇಳಿ. ಹೋಗುವ ಮೊದಲು ಎಷ್ಟು ದಿನದಿಂದ ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಮರೆಯದೆ ಹೇಳಿ. ಎಚ್. ಪೈಲೋರಿಯ ಪರೀಕ್ಷೆಗಂತೂ ಆ ಮಾತ್ರೆಯನ್ನು ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಇದ್ದದ್ದೂ ಇಲ್ಲ ಅಂತ ಬರಬಹುದು. ಆದರೆ ವೈದ್ಯರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ.

"ಆಸ್ಪತ್ರೆಯವರು ದುಡ್ಡು ಮಾಡೋಕೆ ಟೆಸ್ಟ್ ಬರೀತಾರೆ." ಬರೆಯುವವರು ಇದ್ದಾರೆ, ನಾನೇನೂ ಅವರ ವಕೀಲನಲ್ಲ. ಆದರೆ ವರ್ಷಗಟ್ಟಲೆ ದಿನಕ್ಕೊಂದು ಮಾತ್ರೆಯ ಲೆಕ್ಕ ಹಾಕಿ ನೋಡಿ. ಅದೂ ಯಾರಿಗೋ ಲಾಭವೇ ತಾನೇ? ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಕಾಯಬೇಕಾಗಬಹುದು ಅಷ್ಟೇ.

"ಕ್ಯಾನ್ಸರ್ ಅಂತ ಗೊತ್ತಾದ್ರೂ ಏನು ಮಾಡೋಕಾಗತ್ತೆ? ಗೊತ್ತಾಗದಿರೋದೇ ವಾಸಿ." ಈ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ತಡವಾಗಿ ಹೋದವರನ್ನಷ್ಟೇ ನೋಡಿದ ಊರಿನ ಅನುಭವ ಅದು. ತಡವಾಗಿ ಹೋದರು, ಅದಕ್ಕೇ ಉಳಿಯಲಿಲ್ಲ. ಉಳಿಯಲಿಲ್ಲ, ಅದಕ್ಕೇ ಮುಂದಿನವರು ಹೋಗಲು ಹೆದರಿದರು. ಈ ಗಾಣ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ?

*

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಇನ್ನುಮುಂದೆ ಮನೆಯಲ್ಲಿ ಯಾರಾದರೂ "ಗ್ಯಾಸ್ಟ್ರಿಕ್" ಅಂದರೆ ಮಾತ್ರೆಯ ಡಬ್ಬಿಗೆ ಕೈ ಹಾಕುವ ಮೊದಲು "ಜಠರದ ಏನು?" ಅಂತ ಕೇಳಿ. ಉರಿಯಾ, ನೋವಾ, ಉಬ್ಬರವಾ? ಎಷ್ಟು ದಿನದಿಂದ? ಊಟ ಎಷ್ಟು ಸೇರ್ತಿದೆ? ತೂಕ ಇಳಿದಿದೆಯಾ? ಮಲದ ಬಣ್ಣ ಏನು? ಐದು ಪ್ರಶ್ನೆ, ಎರಡು ನಿಮಿಷ. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದೆ ಇಡಿ. ಅವರೂ "ಗ್ಯಾಸ್ಟ್ರಿಕ್" ಅಂದರೆ ಅವರನ್ನೂ ವಿನಯವಾಗಿ ಕೇಳಿ, "ಜಠರದ ಏನು ಡಾಕ್ಟ್ರೇ?" ಅಂತ. ಬಡಿಸಿ ಕೊನೆಗೆ ಉಣ್ಣುವವರು ನಿಮ್ಮ ಮನೆಯಲ್ಲಿದ್ದರೆ ಇವತ್ತು ಅವರ ಜೊತೆ ಕೂತು ಉಣ್ಣಿ, ಎಷ್ಟು ತುತ್ತು ಹೋಗುತ್ತದೆ ನೋಡಿ.

ಏನಂತೀರಿ? ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ.

ಕೊಸರು: ಎದೆಯ ನಡುವೆ ಹಿಂಡಿದ ಹಾಗಾಗಿ, ಬೆವರು ಕಿತ್ತುಕೊಂಡು, ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನೂ ನಮ್ಮವರು "ಗ್ಯಾಸ್ಟ್ರಿಕ್" ಅಂತ ಸೋಡಾ ಕುಡಿದು ಮಲಗುತ್ತಾರೆ. ಅದು ಹೃದಯಾಘಾತ ಇರಬಹುದು. ಅಲ್ಲಿ ಎರಡು ವಾರವೂ ಇಲ್ಲ, ಎರಡು ಗಂಟೆಯೂ ಇಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ. ಈ ಪದದ ಇನ್ನೊಂದು ಅಪರಾಧದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.